ಸಾಕಮ್ಮ ಎತ್ತಿದ ವೀಳ್ಯ

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲವದು. ಹೊಳೆಗೆ ಹರಿಯುವ ದಾರಿ ಆಗಷ್ಟೇ ಗೊತ್ತಾಗಿತ್ತು. ಗಾಳಿಗೆ ಬೀಸುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಆದರೆ ಆ ಲೋಕದಲ್ಲಿ ಕಥೆ ಇರಲಿಲ್ಲ. ಕಥೆ ಇಲ್ಲದ್ದರಿಂದ ಮರಿಗಳಿಗೆ ಹೆದರಿಕೆಯೂ ಇರಲಿಲ್ಲ.

ಗೂಬೆ ಆಗ ಈಗಿನ ಹಾಗಿರಲಿಲ್ಲ. ಕಂದು ಮುಖದ, ಸಾಧು ಕಣ್ಣಿನ ಹಕ್ಕಿ ಅವಳು. ಹೆಸರು ಸಾಕಮ್ಮ. ಬೆಳಗಾದರೆ ಕಾಡಿನ ಹಕ್ಕಿಗಳೆಲ್ಲ ತಮ್ಮ ಮರಿಗಳನ್ನು ಅವಳ ಬಳಿ ಬಿಟ್ಟು ಕಾಳು ಹುಡುಕಲು ಹೋಗುತ್ತಿದ್ದವು. ಅವಳಿಗೆ ಸ್ವಂತದ್ದೆಂದು ಒಂದೇ ಮರಿ, ಚೆನ್ನಿ. ಆದರೆ ರೆಕ್ಕೆಯ ಕೆಳಗೆ ಯಾವಾಗಲೂ ಹತ್ತಾರು ಮರಿಗಳು. ಅದಕ್ಕಿಂತ ದೊಡ್ಡ ಸುಖ ಅವಳಿಗೆ ಬೇರೆ ಇರಲಿಲ್ಲ.

ಒಂದು ದಿನ ಗೊರವಂಕದ ಮರಿ ಹುಲ್ಲಿನಲ್ಲಿ ಉಡವನ್ನು ಕಂಡಿತು. "ಬಾ, ಆಡೋಣ" ಎಂದು ಹತ್ತಿರ ಹೋಯಿತು. ಸಾಕಮ್ಮ ಕೂಗುವಷ್ಟರಲ್ಲಿ ಉಡ ಅದನ್ನು ನುಂಗಿಯಾಗಿತ್ತು. ಸಂಜೆ ತಾಯಿ ಗೊರವಂಕ ಬಂದು, "ನನ್ನ ಮರಿ ಎಲ್ಲಿ ಸಾಕಮ್ಮ?" ಎಂದು ಕೇಳಿದಾಗ ಅವಳು ಆ ಹುಲ್ಲಿನ ಕಡೆ ತೋರಿಸಿದಳು.

ಮರುದಿನ ಆಲದಜ್ಜ, ಅಂದರೆ ಕಾಡಿಗೆಲ್ಲ ಹಿರಿಯನಾದ ಆಲದ ಮರ, ಎಲ್ಲರನ್ನೂ ತನ್ನ ಬುಡಕ್ಕೆ ಕರೆಯಿತು.

"ಬುದ್ಧಿ ಹೇಳಿದ್ರೆ ಮರಿಗಳು ಕೇಳೋದಿಲ್ಲ. ಕಥೆ ಆದ್ರೆ ಕೇಳ್ತಾವೆ. ಒಂದು ಕಥೆ ಆಡಿ ತೋರಿಸೋಣ. ನಾಲ್ಕು ವೇಷ ಸಾಕು. ಮನೆ ಬಿಟ್ಟು ಹೊರಡೋ ವೀರ ಒಬ್ಬ. ಅವನಿಗೆ ದಾರಿ ಹೇಳೋ ಹಿರಿಯ ಒಬ್ಬ. ನಡುವೆ ನಗಿಸ್ತಾ ನಗಿಸ್ತಾ ಟೋಪಿ ಹಾಕೋನು ಒಬ್ಬ. ಆಮೇಲೆ, ದಾರಿಗೆ ಅಡ್ಡ ನಿಂತು ಹೆದರಿಸೋ ದುಷ್ಟ. ಮುಂದೆ ಯಾವ ಊರಲ್ಲಿ ಯಾರೇ ಕಥೆ ಕಟ್ಟಲಿ, ಹೆಸರು ಬೇರೆ ಆಗುತ್ತೆ, ಉಡುಗೆ ಬೇರೆ ಆಗುತ್ತೆ. ಒಳಗಿರೋರು ಮಾತ್ರ ಇವರೇ."

ಕಲ್ಲಿನ ಮೇಲೆ ನಾಲ್ಕು ವೀಳ್ಯದೆಲೆ ಇಟ್ಟರು. ಒಂದೊಂದು ಎಲೆಗೆ ಒಂದೊಂದು ವೇಷ. ಎತ್ತಿದವರು ಅದನ್ನು ಹೊರಲೇಬೇಕು. ಎತ್ತಿದ ವೀಳ್ಯವನ್ನು ಇಳಿಸುವ ಹಾಗಿಲ್ಲ.

ವೀರನ ಎಲೆಗೆ ನೂಕುನುಗ್ಗಲು. ನವಿಲು ಗರಿ ಒಪ್ಪ ಮಾಡಿಕೊಂಡು ಬರುವಷ್ಟರಲ್ಲಿ ಪುಟ್ಟ ಟುವ್ವಿ ಹಕ್ಕಿ ಅದನ್ನು ಎತ್ತಿಯಾಗಿತ್ತು. ಹಿರಿಯನ ಎಲೆಯತ್ತ ಆಮೆ ನಿಧಾನವಾಗಿ ನಡೆದು ಬಂತು. ಮುದುಕರಾಗಲು ಯಾರಿಗೆ ಅವಸರ? ಯಾರೂ ಪೈಪೋಟಿಗೆ ಬರಲಿಲ್ಲ. ಮೂರನೆಯ ಎಲೆ ಎಲ್ಲಿ ಎಂದು ಹುಡುಕಿದರೆ, ಅದಾಗಲೇ ನರಿಯ ಬಾಯಲ್ಲಿತ್ತು.

ದುಷ್ಟನ ಎಲೆ ಮಾತ್ರ ಕಲ್ಲಿನ ಮೇಲೇ ಉಳಿಯಿತು. ಹುಲಿ ಆಕಾಶ ನೋಡಿತು. ಹಾವು ಹುತ್ತದೊಳಗೆ ಸರಿಯಿತು.

"ಉಡವೇ ಮಾಡ್ಲಿ ಬಿಡಿ," ಎಂದಿತು ಕಾಗೆ.

"ಆಗೋದಿಲ್ಲ. ದುಷ್ಟನ ವೇಷವನ್ನ ಮಕ್ಕಳನ್ನ ಪ್ರೀತಿಸೋರೇ ಹಾಕ್ಬೇಕು. ಎಷ್ಟು ಹೆದರಿಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಅವರಿಗೇ ಗೊತ್ತಿರೋದು," ಎಂದಿತು ಆಲದಜ್ಜ.

ಸಾಕಮ್ಮ ಮುಂದೆ ಬಂದಳು. ಚೆನ್ನಿ ಅವಳ ಗರಿ ಹಿಡಿದು ಎಳೆದಳು. "ಬೇಡಮ್ಮ, ಆಮೇಲೆ ಯಾರೂ ನಮ್ಮ ಹತ್ರ ಬರೋದಿಲ್ಲ."

"ನಿನ್ನೆ ಗೊರವಂಕ ಕೇಳಿದ್ದನ್ನ ಇನ್ನೊಬ್ಬ ತಾಯಿ ಕೇಳ್ಬಾರದು ಕಣೇ," ಎಂದು ಸಾಕಮ್ಮ ಎಲೆ ಎತ್ತಿದಳು.

ಬಸವನಹುಳುವಿನ ಚಿಪ್ಪು ಅರೆದು, ಆಲದ ಹಾಲಿನಲ್ಲಿ ಕಲಸಿ, ಅವಳ ಮುಖಕ್ಕೆ ಬಳಿದರು. "ಆಟ ಮುಗಿದ ಕೂಡಲೇ ಹೊಳೆಯಲ್ಲಿ ತೊಳ್ಕೋ ತಾಯಿ. ಹಸಿ ಇರೋವಾಗ ಹೋಗುತ್ತೆ, ಒಣಗಿದ್ರೆ ಈ ಜನ್ಮಕ್ಕೆ ಹೋಗೋದಿಲ್ಲ," ಎಂದಿತು ಆಲದಜ್ಜ.

ಸಂಜೆ ಆಟ ನಡೆಯಿತು. ಆ ಬಿಳಿ ಮುಖ ಪೊದೆಯಿಂದ ಹೊರಬಂದಾಗ ಮರಿಗಳೆಲ್ಲ ಚೀರಿಕೊಂಡು ತಾಯಂದಿರ ರೆಕ್ಕೆಯೊಳಗೆ ಹೊಕ್ಕವು. ಕಾಡಿಗೆ ಮೊದಲ ಸಲ ಹೆದರಿಕೆ ಬಂತು. ತಾಯಂದಿರು ನೆಮ್ಮದಿಯಿಂದ ಅತ್ತರು.

ಸಾಕಮ್ಮ ಓಡೋಡಿ ಹೊಳೆಗೆ ಬಂದಳು. "ಬಾ, ಮುಖ ಕೊಡು," ಎಂದಿತು ಹೊಳೆ. ಅವಳು ಬಗ್ಗಿದಳು.

ಅಷ್ಟರಲ್ಲಿ ಹಿಂದೆ ಕಿಸಕಿಸ ನಗು. ನಾಲ್ಕೈದು ಮರಿಗಳು ತಾಯಂದಿರ ಕಣ್ಣು ತಪ್ಪಿಸಿ ಬಂದಿದ್ದವು. "ಅದು ನಮ್ಮ ಸಾಕತ್ತೆ ಕಣ್ರೋ! ಮುಖ ತೊಳೀಲಿ, ನೋಡಿ ಬೇಕಾದ್ರೆ. ಹೆದರಿಕೆ ಎಲ್ಲಾ ಬರೀ ಸುಳ್ಳು!"

ಅವುಗಳ ಬೆನ್ನ ಹಿಂದೆ ಹುಲ್ಲು ಅಲುಗಿತು. ಉಡ ಹೊಂಚು ಹಾಕಿತ್ತು.

ಸಾಕಮ್ಮನಾಗಿ ಕರೆದರೆ ಅವು ನಗುತ್ತಾ ನಿಲ್ಲುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆ ಬಿಳಿ ಮುಖವನ್ನು ತಿರುಗಿಸಿ, ಹಿಂದೆಂದೂ ಕೂಗದ ದನಿಯಲ್ಲಿ ಚೀರಿದಳು. ಮರಿಗಳು ಪುರ್ರೆಂದು ಚದುರಿ ಹಾರಿದವು. ಉಡದ ಬಾಯಿಗೆ ಸಿಕ್ಕಿದ್ದು ಹುಲ್ಲು ಮಾತ್ರ.

"ಇನ್ನೂ ಹಸಿಯಾಗಿದೆ, ಬೇಗ ತೊಳ್ಕೋ," ಎಂದಿತು ಹೊಳೆ.

ಸಾಕಮ್ಮ ನೀರಿನಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ತೊಳೆದ್ರೆ ನಾಳೆ ಇದು ನಾನೇ ಅಂತ ಗೊತ್ತಾಗುತ್ತೆ. ನನ್ನ ಕಂಡು ನಗೋ ಮರಿ ಉಡವನ್ನ ಕಂಡೂ ನಗುತ್ತೆ." ಆಮೇಲೆ ಗಾಳಿಯ ಕಡೆ ತಿರುಗಿದಳು. "ಗಾಳಿಯಣ್ಣ, ಬೀಸಪ್ಪ."

ಗಾಳಿ ಬೀಸಿತು. ಬಣ್ಣ ಒಣಗಿತು. ಅವಳು ಅತ್ತದ್ದಕ್ಕೆ ಕಣ್ಣಿನ ಕೆಳಗೆ ಬಣ್ಣ ಅಳಿಸಿ ಎರಡು ಕಂದು ಗೆರೆ ಉಳಿದವು.

ಪೊಟರೆಗೆ ಬಂದರೆ ಚೆನ್ನಿಯೇ ಆ ಮುಖ ಕಂಡು ಮೂಲೆಗೆ ಸರಿದಳು. ಸಾಕಮ್ಮನ ಎದೆ ಒಡೆಯಿತು. ಕತ್ತಲಾಗುವವರೆಗೆ ಹೊರಗೇ ಕಾದು, ಮುಖ ಕಾಣದಂತಾದ ಮೇಲೆ ಒಳಗೆ ಹೋಗಿ ಸುಮ್ಮನೆ ರೆಕ್ಕೆ ಚಾಚಿದಳು. "ಅಮ್ಮಾ" ಎಂದು ಚೆನ್ನಿ ಒಳಗೆ ಸೇರಿಕೊಂಡಳು. ಅಂದಿನಿಂದ ಗೂಬೆ ಕತ್ತಲಲ್ಲೇ ತಿರುಗುತ್ತದೆ.

ಮನುಷ್ಯರು ಬಂದ ಮೇಲೆ ಇನ್ನೂ ಚೆನ್ನಾಯಿತು. ಯಾರದೋ ತಪ್ಪಿಗೆ ಯಾರದೋ ತಲೆಯ ಮೇಲೆ ಗೂಬೆ ಕೂರಿಸುವುದನ್ನು ಕಲಿತರು, ಪಾಪ, ಅವಳ ಕಥೆ ಮಾತ್ರ ಕೇಳಲಿಲ್ಲ.

ನೋಡು ಮಗು, ಹಗಲಲ್ಲಿ ಬಿಳಿ ಮುಖದ ಗೂಬೆಯೊಂದು ಕೊಂಬೆಯ ಮೇಲೆ ಸಿಕ್ಕಿಬಿದ್ದರೆ ಗೊರವಂಕ, ಟುವ್ವಿ, ಕಾಗೆಗಳೆಲ್ಲ ಮುತ್ತಿಕೊಂಡು ಕಿರುಚುತ್ತವೆ. ಅದು ಮಾತ್ರ ತಿರುಗಿ ಕುಕ್ಕುವುದಿಲ್ಲ, ಮಕ್ಕಳಿಗೆ ಇನ್ನೂ ಹೆದರಿಕೆ ಇದೆ, ಎಲ್ಲವೂ ಬದುಕಿವೆ ಎಂದು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾ ಕೂತಿರುತ್ತದೆ.