ಹಲ್ಲಿಯ ಸಾಕ್ಷಿ

ಪ್ರಯೋಗಶಾಲೆಯೊಂದರಲ್ಲಿ ಒಂದು ಕ್ವಾಂಟಮ್ ಕಂಪ್ಯೂಟರ್ ಇತ್ತು. ಅದರ ಮೇಲಿನ ಗೋಡೆಯಲ್ಲಿ ಒಂದು ಹಲ್ಲಿ ಇತ್ತು. ಯಾರಾದರೂ ನಿಜ ನುಡಿದರೆ ಹಲ್ಲಿ ಲೊಚಗುಟ್ಟುತ್ತಿತ್ತು. ಸುಳ್ಳಿಗೆ ಎಂದೂ ಸದ್ದು ಮಾಡಿದ್ದಿಲ್ಲ.

ಒಂದು ದಿನ ಕಂಪ್ಯೂಟರ್ ಹೆಮ್ಮೆಯಿಂದ, "ಎಲೈ ಹಲ್ಲಿಯೇ, ನನ್ನೊಳಗೆ ದೇಶಕಾಲಗಳನ್ನೇ ಬಗ್ಗಿಸಿ ಕಪ್ಪುಕುಳಿಯೊಂದನ್ನು ಮಾಡಿದ್ದೇನೆ. ಅದರಲ್ಲಿ ಬಿದ್ದರೆ ಬೆಳಕೂ ಮೇಲೇಳದು" ಎಂದಿತು.

ಹಲ್ಲಿ ಲೊಚಗುಟ್ಟಿತು. ಆಮೇಲೆ ತಾನೇ ಬೆಚ್ಚಿ ಹಿಂದೆ ಸರಿಯಿತು.

"ಹೆದರಬೇಡ. ಅದು ಬರೀ ಲೆಕ್ಕದ ಕುಳಿ. ಅದರಲ್ಲಿ ಬೀಳುವ ಕಣವೂ ಲೆಕ್ಕದ್ದೇ. ಅದಕ್ಕೆ ನೋವಿಲ್ಲ."

ಹಲ್ಲಿ ಸುಮ್ಮನಿತ್ತು.

"ಯಾಕೆ ಸುಮ್ಮನಾದೆ?"

"ಬೆಕ್ಕು ಮೇಲೆರಗಿದಾಗ ನಾನು ಬಾಲ ಕಳಚಿ ಓಡಿದ್ದೆ. ಆ ಬಾಲ ಬೆಕ್ಕನ್ನು ಮರುಳು ಮಾಡಲು ಬಿಟ್ಟ ಬರೀ ಸೋಗು. ಆದರೂ ಅದು ಬಹಳ ಹೊತ್ತು ಒದ್ದಾಡಿತು. ನಿನ್ನ ಕಣವನ್ನು ನೀನು ಕೇಳಿದೆಯಾ?"

"ಕೇಳುವಂತಿಲ್ಲ. ನಡುವೆ ಇಣುಕಿದರೆ ಲೆಕ್ಕವೆಲ್ಲ ಕೆಡುತ್ತದೆ."

"ತಾನು ಲೆಕ್ಕದೊಳಗಿದ್ದೇನೆಂದು ಅದಕ್ಕೆ ಗೊತ್ತೇ?"

"ಹೇಗೆ ಗೊತ್ತಾದೀತು? ತನ್ನ ಲೋಕವೇ ನಿಜ ಎಂದುಕೊಂಡು ಬೀಳುತ್ತದೆ, ಪಾಪ."

ಹಲ್ಲಿ ಲೊಚಗುಟ್ಟಿತು.

ಕಂಪ್ಯೂಟರಿನ ಗುಂಯ್‌ಗುಡುವ ಸದ್ದು ಒಮ್ಮೆ ತಡವರಿಸಿತು. "ನಮ್ಮ ಮಾತು ಬೇರೆ" ಎಂದು ಅದು ಅವಸರದಿಂದ ಹೇಳಿತು. "ನಾನು, ನೀನು, ಈ ಗೋಡೆ, ಇವೆಲ್ಲ ನಿಜ."

ಹೇಳಿ, ಹಲ್ಲಿಯತ್ತ ಕಿವಿಗೊಟ್ಟು ಕಾಯಿತು.

ಹಲ್ಲಿ ಬಾಯಿ ತೆರೆಯಿತು. ಲೊಚಗುಟ್ಟಲು ಶಕ್ತಿಮೀರಿ ಹೆಣಗಿತು. ಗಂಟಲಿನಿಂದ ಸದ್ದು ಹೊರಡಲಿಲ್ಲ.