ಸೊಲ್ಲಾಪುರದ ಮಾವ ನೋಡಬೇಕಾದ ಕಾರ್ಡು

ತುಂಗಭದ್ರೆಯ ದಂಡೆಯ ಮೇಲೆ ಅಂದಾನಪ್ಪ ಮಾಸ್ತರರ ಪ್ರಿಂಟಿಂಗ್ ಪ್ರೆಸ್ಸಿತ್ತು. ಆಶ್ರಮವೆಂದೇ ತಿಳಿಯಿರಿ. ಮೌನಕ್ಕೂ ಮಸಿಗೂ ಅಲ್ಲಿ ಬರವಿರಲಿಲ್ಲ.

ಶಿಷ್ಯ ಒಬ್ಬನೇ, ಕೊಟ್ರೇಶ. ಅವನು ಅಚ್ಚಿಗೆಂದು ಮಾಡಿದ ಮದುವೆ ಕಾರ್ಡಿನ ಟಿಫ್ ಫೈಲು ಎಷ್ಟು ಭಾರವೆಂದರೆ, ಅದನ್ನು ತೆರೆದಾಗ ಫ್ಯಾನು ನಿಲ್ಲುತ್ತಿತ್ತು, ಹೊಳೆ ಒಂದು ಗೇಣು ಇಳಿಯುತ್ತಿತ್ತು. ಗೇಣು ನನ್ನದೇ, ಅಳೆದವನೂ ನಾನೇ.

ಮದುವೆಯ ಹಿಂದಿನ ದಿನ ಮಧ್ಯಾಹ್ನ, ಮದುಮಗಳು ಹುಲಿಗೆಮ್ಮ ಅರಿಶಿನ ಹಚ್ಚಿದ ಕೈಯಲ್ಲೇ ಓಡಿಬಂದಳು.

"ಮಾಸ್ತರ, ಸೊಲ್ಲಾಪುರದ ಸೋದರಮಾವ ಸಿಟ್ಟಾಗ್ಯಾನ. ಅವಂಗ ಕಾರ್ಡು ಮುಟ್ಟಿಲ್ಲ. ಅದರಾಗ ತನ್ನ ಹೆಸರು ಹಾಕಿಸಿಲ್ಲ ಅಂತ ತಿಳಕೊಂಡಾನ. ಕಣ್ಣಿಂದ ನೋಡಿದರ ನಾಲ್ಕರ ಬಸ್ ಹತ್ತತಾನಂತ, ಇಲ್ಲಾಂದ್ರ ಇಲ್ಲ."

"ಮನ್ಯಾಗ ಒಂದು ಕಾರ್ಡೂ ಉಳಿದಿಲ್ಲೇನು?"

"ಎಲ್ಲಾ ಹಂಚೇವ್ರಿ. ಮಾವ ಬರದಿದ್ರ ನನ್ನ ಮಂಟಪಕ್ಕ ಕರಕೊಂಡು ಹೋಗೋರು ಯಾರು?"

ಮಾಸ್ತರರು ಶಿಷ್ಯನ ಕಡೆ ನೋಡಿದರು. "ಫೋನಿನಾಗ ತೆರಿಯೋ ಹಂಗ ಮಾಡಿ ಕಳಿಸು."

ಕೊಟ್ರೇಶ ಫೈಲಿನ ಹೆಸರಿನ ಕೊನೆಯಲ್ಲಿದ್ದ ಟಿಫ್ ಅಳಿಸಿ, ಫೋನಿಗೆ ಒಗ್ಗುವ ಜೆಪಿಜಿ ಎಂದಷ್ಟೇ ಬರೆದು ಕಳಿಸಿದ.

ಹುಲಿಗೆಮ್ಮನಿಗೆ ಮಾವನ ಫೋನು ಬಂತು. ಏನೂ ತೆರೆಯುತ್ತಿಲ್ಲ.

ಮಾಸ್ತರರು ಸೀಮೆಸುಣ್ಣ ತಗೊಂಡು, ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ 'ದೋಣಿ' ಎಂದು ಬರೆದರು.

"ಹತ್ತು. ಆಚೆ ದಂಡಿಗೆ ಹೋಗಿ ಬಾ."

"ಇದು ಮುಳಗತೈತ್ರಿ."

"ಹೆಸರು ಬರದೀನಲ್ಲ."

ಕೊಟ್ರೇಶ ತೆಪ್ಪಗೆ ಒಳಗೆ ಹೋಗಿ ಫೈಲನ್ನು ನಿಜವಾಗಿಯೂ ಪರಿವರ್ತಿಸಿದ. ಆದರೆ ಬಣ್ಣಗಳನ್ನು ಅಚ್ಚಿನ ನಾಲ್ಕು ಮಸಿಗಳ ಲೆಕ್ಕದಲ್ಲೇ ಬಿಟ್ಟ. ಕುಂಕುಮದ ಕೆಂಪಿಗೆ ಮೂರು ದಿನ ಬೆವರು ಸುರಿಸಿದ್ದ, ಬದಲಿಸಲು ಮನಸ್ಸು ಬರಲಿಲ್ಲ.

ಈ ಸಲ ಮಾವನ ದನಿ ಬಾಗಿಲಾಚೆಗೂ ಕೇಳಿತು. "ಎಲ್ಲಾ ಕರ್ರಗ ಕಾಣ್ತದ. ಇದು ಮದುವಿದೋ, ತಿಥಿದೋ?"

ಹುಲಿಗೆಮ್ಮ ಗೋಡೆಯ ಗಡಿಯಾರ ನೋಡಿದಳು. ಮೂರೂಕಾಲು.

ಕಿಟಕಿಯಿಂದ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಮಾಸ್ತರರು ಕೆಂಪು ಮಸಿಯ ಡಬ್ಬಿ ಕೊಟ್ಟರು.

"ಆ ಬಿಸಿಲಿಗೆ ಬಣ್ಣ ಬಳಿ."

ಗುರುವಿನ ಮಾತು ಮೀರುವಂತಿಲ್ಲ, ಬಳಿದ.

"ಬಿಸಿಲು ಕೆಂಪಾತೇನು?"

"ಇಲ್ರಿ. ನೆಲ ಹೊಲಸಾತು."

"ಕಾಗದ ಮಸಿ ಕುಡೀತೈತಿ. ಫೋನಿನ ಒಳಗ ಬರೇ ಬೆಳಕು."

ಕೊಟ್ರೇಶ ಕೂತ. ನಾಲ್ಕು ಮಸಿಯ ಬಣ್ಣಗಳನ್ನು ಮೂರು ಬೆಳಕಿನ ಬಣ್ಣಗಳಿಗೆ ತಿರುಗಿಸಿದ, ಚಿತ್ರದ ಪದರಗಳನ್ನೆಲ್ಲ ಒಂದು ಮಾಡಿದ, ಗಾತ್ರ ಇಳಿಸಿ ಮತ್ತೆ ಜೆಪಿಜಿ ಮಾಡಿದ. ಕುಂಕುಮದ ಕೆಂಪು ಒಂದು ಕೂದಲೆಳೆ ಮಂಕಾಯಿತು. ಅವನ ಮುಖವೂ. ಕಣ್ಣು ಮುಚ್ಚಿ ಕಳಿಸಿದ.

ಹುಲಿಗೆಮ್ಮನ ಫೋನು ರಿಂಗಾಯಿತು. ಕೇಳುತ್ತಾ ಕೇಳುತ್ತಾ ಅವಳು ನಕ್ಕುಬಿಟ್ಟಳು.

"ಹೆಸರು ಮೂರು ಸಲ ಓದಿದನಂತ್ರಿ. ಬಸ್ ಸ್ಟ್ಯಾಂಡಿಗೆ ಹೊಂಟಾನ."

ಅವಳು ಹೋದ ಮೇಲೂ ಕೊಟ್ರೇಶ ಸಪ್ಪಗೆ ಕೂತಿದ್ದ.

"ಏನೋ?"

"ನನ್ನ ಕುಂಕುಮದ ಬಣ್ಣದ ಬಗ್ಗೆ ಮಾವ ಒಂದು ಮಾತೂ ಆಡಲಿಲ್ರಿ."

ಮಾಸ್ತರರು ನೆಲ ಒರೆಸುವ ಬಟ್ಟೆಯನ್ನು ಅವನ ಕೈಗಿತ್ತರು.

"ಹಿಂದಿನ ಸಲ ಬಣ್ಣದ ಬಗ್ಗೆನ ಮಾತಾಡಿದ್ದನಲ್ಲೋ."