ತಿರುಪು ತಿರುಗಿಸಿದ ಬೆಕ್ಕು

ಬೆಟ್ಟದ ಮೇಲಿನ ಮನೆಯೊಂದರಲ್ಲಿ ಗೋಡೆಗೆ ಆತುಕೊಂಡು ಒಂದು ದಪ್ಪನೆಯ ಹೀಟರ್ ನಿಂತಿತ್ತು. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಹೊಟ್ಟೆಯೊಳಗಿನ ಇಟ್ಟಿಗೆಗಳನ್ನು ಕಾಯಿಸಿಕೊಂಡು, ಹಗಲೆಲ್ಲ ಆ ಶಾಖವನ್ನು ಹದವಾಗಿ ಬಿಟ್ಟುಕೊಡುವುದು ಅದರ ಕಸುಬು. ಪಕ್ಕದ ಬುಟ್ಟಿಯಲ್ಲಿ ಕೆಂಚಿ ಎಂಬ ಬೆಕ್ಕು ಮರಿ ಹಾಕಿತ್ತು.

ಒಂದು ಬೆಳಿಗ್ಗೆ ಕೆಂಚಿ ಕೇಳಿತು: "ಹೀಟರಣ್ಣ, ಹೊಟ್ಟೆ ತುಂಬ ಶಾಖ ಇಟ್ಟುಕೊಂಡು ಇಷ್ಟಿಷ್ಟೇ ಕೊಡುತ್ತೀಯಲ್ಲ, ಇದೇನು ಜಿಪುಣತನ?"

"ಈಗ ಬಿಸಿಲಿದೆ ತಂಗಿ. ಮರಿಗಳಿಗೆ ನಿಜವಾದ ಚಳಿ ಸಂಜೆಗೆ. ಅದಕ್ಕೆಂದು ಉಳಿಸುತ್ತಿದ್ದೇನೆ."

ಕೆಂಚಿಗೆ ಈ ಮಾತು ರುಚಿಸಲಿಲ್ಲ. ಹೀಟರಿನ ಮೇಲೆ ಹಾರಿ, ಶಾಖ ಬಿಡುವ ತಿರುಪನ್ನು ಪಂಜದಿಂದ ಪೂರ್ತಿ ತಿರುಗಿಸಿತು. ಕೋಣೆ ಕಾದ ಕಾವಲಿಯಂತಾಯಿತು. ಮನೆಯೊಡತಿ ಬೋಜಮ್ಮ ಸೆಖೆ ತಾಳಲಾರದೆ ಕಿಟಕಿ ತೆರೆದಳು. ಶಾಖವೆಲ್ಲ ಆಚೆ ಹೋಯಿತು.

ಸಂಜೆ ಮಂಜು ಇಳಿಯುವ ಹೊತ್ತಿಗೆ ಹೀಟರ್ ತಣ್ಣಗಾಗಿತ್ತು. ಮರಿಗಳು ನಡುಗತೊಡಗಿದವು.

"ಸ್ವಲ್ಪವಾದರೂ ಕೊಡಣ್ಣ," ಎಂದು ಕೆಂಚಿ ಬೇಡಿತು.

"ಇದ್ದದ್ದನ್ನೆಲ್ಲ ಕಿಟಕಿಯಾಚೆಯ ಕಾಗೆಗಳಿಗೆ ಹಂಚಿಬಿಟ್ಟೆವಲ್ಲ ತಂಗಿ. ನಾನು ಮತ್ತೆ ಕಾಯುವವರೆಗೆ ನೀನೇ ಇವರ ಹೀಟರ್."

ಕೆಂಚಿ ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು, ಹಸಿವಾದರೂ ಮಿಸುಕದೆ ಮಲಗಿತು.

ಬೆಳಗಾಗುವಷ್ಟರಲ್ಲಿ ಇಟ್ಟಿಗೆಗಳು ಮತ್ತೆ ಕಾದಿದ್ದವು. ಕೆಂಚಿ ಮೊದಲು ತಿರುಪನ್ನು ತಾನೇ ಹಿಂದಕ್ಕೆ ತಿರುಗಿಸಿತು. ಅಷ್ಟರಲ್ಲಿ ಬೋಜಮ್ಮ ಕೈ ಉಜ್ಜಿಕೊಳ್ಳುತ್ತ ಬಂದು ತಿರುಪಿನತ್ತ ಕೈಚಾಚಿದಳು. ಕೆಂಚಿ ಅದಕ್ಕೆ ಅಡ್ಡ ಕುಳಿತು, "ಈಗ ಬೇಡಮ್ಮ, ಸಂಜೆಗೆ ಬನ್ನಿ," ಎಂದಿತು. ಬೋಜಮ್ಮನಿಗೆ ಕೇಳಿಸಿದ್ದು ಬರೀ ಮಿಯಾಂವ್. ಆದರೂ ಆಕೆ ನಕ್ಕು, ಶಾಲು ಹೊದ್ದು, ಅಂಗಳದ ಬಿಸಿಲಿಗೆ ನಡೆದಳು.